ಷರಾ

ಬೆಳಿಗ್ಗೆ ಮೊದಲ ಕೆಲಸ ಬೆವರು ಮಾಡುವುದು.
ಒಂದು ಲೀಟರ್ ನೀರಿಗೆ ಐದು ಗ್ರಾಂ ಉಪ್ಪು,
ಚಿಟಿಕೆ ಹಿಸ್ಟಿಡಿನ್, ಇಷ್ಟು ಫಾಸ್ಫೇಟು,
ಹುಳಿ ಸಾಕೋ ಬೇಕೋ ಮೀಟರು ಹೇಳುತ್ತದೆ.
ಪೀಣ್ಯ ಎರಡನೇ ಹಂತದಲ್ಲಿ ಯಾರೂ ಸುರಿಸದ ಬೆವರು
ಬೀಕರಿನಲ್ಲಿ ತಣ್ಣಗೆ ಕೂತಿದೆ, ನಾತವಿಲ್ಲದೆ.
ಹೊರಗೆ ಲಾರಿಯಿಂದ ಥಾನು ಇಳಿಸುತ್ತಾ ರೇವಣಸಿದ್ಧ
'ನನ್ನಂಗಿ ಹಿಂಡಿದ್ರೆ ಅರ್ಧ ಲೀಟ್ರು ಸಿಗುತ್ತೆ ಮೇಡಂ,
ಯಾಕೆ ಕೆಮಿಕಲ್ ದಂಡ ಮಾಡ್ತೀರ' ಅನ್ನುತ್ತಾನೆ.
ಅವನಿಗೆ ನಾನು ಹೇಳುವುದಿಲ್ಲ:
ನಿನ್ನ ಬೆವರು ದಿನಕ್ಕೊಂದು ಥರ,
ನಮಗೆ ಬೇಕಾದ್ದು ಯಾರದೂ ಅಲ್ಲದ್ದು.

ಈ ತಿಂಗಳ ಸ್ಯಾಂಪಲ್ಲು ಒಂದು ತೋಳು.
ಸುಟ್ಟ ಗಾಯ ಮಾಗಿದ ಮೇಲೆ ಕಲೆ ಉಬ್ಬದಂತೆ
ಅದುಮಿ ಹಿಡಿಯುವ ಬಿಗಿ ತೋಳು.
ಬಣ್ಣಕ್ಕೆ ಕಂಪನಿಯವರು 'ಸ್ಕಿನ್' ಅಂತ ಹೆಸರಿಟ್ಟಿದ್ದಾರೆ.
ನಮ್ಮ ಲ್ಯಾಬಿನಲ್ಲಿ ಹನ್ನೊಂದು ಜನ,
ಯಾರ ಕೈಗೂ ಹೊಂದಲಿಲ್ಲ.

ಮರದ ಕೈಗೆ ತೊಡಿಸಿದೆ.
ಒಳ್ಳೆಯ ಕೈ ಅದು. ಬಳೆಯ ಗುರುತಿಲ್ಲ,
ಮಡಚು ಅಂದರೆ ಮಡಚುವುದಿಲ್ಲ.
ಮಣಿಕಟ್ಟಿನಲ್ಲಿ ಇಪ್ಪತ್ತೈದು ಮಿಲಿಮೀಟರ್ ಪಾದರಸ,
ಮೇಲೆ ಇಪ್ಪತ್ತೆರಡು. ಪಾಸ್.
ಬೆವರಲ್ಲಿ ನಾಲ್ಕು ಗಂಟೆ ಬಿಟ್ಟೆ. ಬಣ್ಣ ಬಿಡಲಿಲ್ಲ. ಪಾಸ್.
ಐವತ್ತು ಸಲ ಒಗೆದೆ. ಪಾಸ್.
ಉಣ್ಣೆಗೆ ಉಜ್ಜಿದೆ, ಇಪ್ಪತ್ತು ಸಾವಿರ ಸುತ್ತು,
ಮೆಷಿನ್ನು ಗಂಧ ತೇಯುವ ಹಾಗೆ ತೇಯ್ದೇ ತೇಯ್ದಿತು,
ನನಗೆ ತೂಕಡಿಕೆ ಬಂತು, ದಾರ ಹರಿಯಲಿಲ್ಲ.

ಮಂಗಳವಾರ ಮುನಿಲಕ್ಷ್ಮಿ ಬಂದಳು.
ತೊಟ್ಟು ನೋಡುವವರ ಪಟ್ಟಿಯಲ್ಲಿ ಏಳನೆಯವಳು,
ಹೆಸರಿನ ಜಾಗದಲ್ಲಿ ಡಬ್ಲ್ಯೂ ಏಳು.
ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ,
ಹೋದ ಯುಗಾದಿಗೆ ಮುಂಚೆ ಇಸ್ತ್ರಿ ಸೆಕ್ಷನ್ನಿನಲ್ಲಿದ್ದಳು,
ಅಲ್ಲಿ ಸ್ಟೀಮ್ ಪೈಪು ಬಿಟ್ಟುಕೊಂಡಿತು.
ತೋಳು ಕಳಚಿದಳು. ಕೆಳಗೆ ಕಲೆ,
ಕಾದ ಹಾಲಿನ ಕೆನೆ ಪಾತ್ರೆಯಂಚಿಗೆ ಸರಿದು ಸುಕ್ಕಾದಂತೆ.

'ಗಾಳಿ ಆಡುತ್ತಾ?' 'ಆಡ್ತದೆ.'
'ಬಿಗಿ?' 'ಪರವಾಗಿಲ್ಲ.'
'ಐದಕ್ಕೆ ಎಷ್ಟು ಅಂಕ ಕೊಡ್ತೀರ?'
ನಕ್ಕಳು. 'ನಮ್ಮ ಸೂಪರ್‌ವೈಸರ್ ಥರ ಕೇಳ್ತೀರ.'
ಆಮೇಲೆ ಮೊಣಕೈಯ ಒಳಮಡಿಕೆ ತೋರಿಸಿ,
'ಇಲ್ಲಿ ನವೆ ಮೇಡಂ. ಮಿಷನ್ ಮುಂದೆ ಮರ್ತೋಯ್ತದೆ.
ಬಸ್ಸಲ್ಲಿ. ಸಿಲ್ಕ್ ಬೋರ್ಡ್ ಹತ್ರ ನಿಂತೋಗ್ತದಲ್ಲ,
ಮೇಲಿನ ಕಂಬಿ ಹಿಡ್ಕಂಡಿರ್ತೀನಿ, ಆಗ.
ಇನ್ನೊಂದು ಕೈಲಿ ಬ್ಯಾಗು.'

ಫಾರಂ ತಿರುವಿ ಹಾಕಿದೆ.
ಒತ್ತಡಕ್ಕೆ ಕಾಲಂ ಇದೆ, ಕುಗ್ಗುವುದಕ್ಕೆ,
ಬಣ್ಣ ಬಿಡುವುದಕ್ಕೆ, ಜುಂಗು ಏಳುವುದಕ್ಕೆ ಇದೆ.
ನವೆಗೆ ಇಲ್ಲ.

ಆ ಸಂಜೆ ಮಿಕ್ಕ ಸ್ಯಾಂಪಲ್ಲೊಂದನ್ನು
ನಿಯಮ ಮೀರಿ ನಾನೇ ತೊಟ್ಟು ಹೊರಟೆ.
ಜಾಲಹಳ್ಳಿ ಕ್ರಾಸು. ಬಸ್ಸು, ಕಂಬಿ, ಜನ.
ಗೊರಗುಂಟೆಪಾಳ್ಯದವರೆಗೆ ಏನಿಲ್ಲ.
ಫ್ಲೈಓವರಿನ ಕೆಳಗೆ ಬಸ್ಸು ಇಪ್ಪತ್ತು ನಿಮಿಷ ನಿಂತಿತು.
ಆಗ ಬಂತು. ಇರುವೆಯ ಸಾಲಲ್ಲ, ಒಂದೇ ಇರುವೆ,
ಹೊಲಿಗೆಯ ಗಂಟಿನ ಮೇಲೆ ಕೂತು
ಹೋಗಲೋ ಬೇಡವೋ ಎಂದು ಯೋಚಿಸುವ ಇರುವೆ.
ಯಶವಂತಪುರದಲ್ಲಿ ಇಳಿದು, ಹೂವಿನ ಗಾಡಿಯ ಮರೆಯಲ್ಲಿ
ತೋಳು ಕಿತ್ತು ಕೆರೆದುಕೊಂಡೆ, ನಾಚಿಕೆಯಿಲ್ಲದೆ.
ನನ್ನದು ಸುಡದ ಚರ್ಮ.
ಅವಳು ಕೆರೆದರೆ ಕಲೆ ಬಾಯಿ ಬಿಡುತ್ತದೆ.

ರಿಪೋರ್ಟು ಇವತ್ತೇ ಹೋಗಬೇಕು,
ಥೆರೇಸಾ ಮೇಡಂ ಎರಡು ಸಲ ಬಾಗಿಲಿಗೆ ಬಂದು ಹೋದರು.
ಎಲ್ಲ ಪಾಸ್. ಸುಳ್ಳಲ್ಲ, ಅಳೆದದ್ದೆಲ್ಲ ಪಾಸ್.
ತಳದಲ್ಲಿ 'ಷರಾ' ಎಂದೊಂದು ಗೆರೆ.
ಎಂಟು ವರ್ಷದಿಂದ ಅಲ್ಲಿ 'ಏನೂ ಇಲ್ಲ' ಎಂದೇ ಬರೆದಿದ್ದೇನೆ.
ಬರೆದೆ: ಮೊಣಕೈಯೊಳಗೆ ಹೊಲಿಗೆಗಳು ಕೂಡುವಲ್ಲಿ
ಗಂಟು ಉಳಿದಿದೆ. ಕೈ ಎತ್ತಿ ಹಿಡಿದು ಬೆವರಿದಾಗ ನವೆ.
ಪರೀಕ್ಷಾ ವಿಧಾನ: ಬಸ್ಸು.

'ಬಸ್ಸು' ಹೊಡೆದು ಹಾಕಿದೆ.
ಮತ್ತೆ ಬರೆದೆ.